ಕರೆಯದ ಹೆಸರು

ಅಣ್ಣಾರಾಯ ಎಂದು ಹೆಸರಿಟ್ಟ ತಂದೆಯ ಮೇಲೆ ಅಣ್ಣಾರಾಯನಿಗೆ ಮೂವತ್ತನೆಯ ವಯಸ್ಸಿನಲ್ಲಿ ಸಿಟ್ಟು ಬಂದಿತ್ತು. ಬರದೆ ಏನು? ವಳಸಂಗದ ಊರಿಗೆ ಊರೇ ಈ ಮಾಸ್ತರನನ್ನು 'ಅಣ್ಣಾ' ಎಂದು ಕರೆಯುತ್ತಿತ್ತು. ಅವನ ಶಾಲೆಗೇ ಶಿಕ್ಷಕಿಯಾಗಿ ಬಂದ ಇಂದ್ರಾಬಾಯಿಯೂ ಹಾಗೇ ಕರೆದಳು. "ಅಣ್ಣಾ, ಖಡು ಕೊಡ್ರಿ, ಬೋರ್ಡಿನ ಮ್ಯಾಲ ಬರೀಬೇಕು." "ಅಣ್ಣಾ, ಗಂಟಿ ಹೊಡಸ್ರಿ."

ಊರವರ ಬಾಯಲ್ಲಿ ಅದು ಹೆಸರು. ಅವಳ ಬಾಯಲ್ಲಿ ಮಾತ್ರ ಅದು ಅವನಿಗೆ ಅಣ್ಣ-ತಂಗಿಯ ಸಂಬಂಧವಾಗಿ ಕೇಳಿಸುತ್ತಿತ್ತು. ಎರಡು ವರ್ಷ ಅದನ್ನು ನುಂಗಿಕೊಂಡು ಒಳಗೊಳಗೇ ಪ್ರೀತಿಸಿದ. ಕಳೆದ ನಾಲ್ಕು ತಿಂಗಳಿಂದ ಅವಳು ಅದನ್ನೂ ಬಿಟ್ಟಿದ್ದಳು. ಈಗ ಬರೀ "ಕೇಳಸ್ತೇನ್ರಿ?" ಎನ್ನುವಳು. ತನ್ನ ಹೆಸರೂ ಅವಳಿಗೆ ಬೇಡವಾಯಿತೆಂದು ಬಗೆದ ಈ ಜಾಣ, ತಾಲೂಕಿನ ಆ ತುದಿಯ ಉಮದಿಯ ಶಾಲೆಗೆ ತಾನೇ ಬದಲಿ ಕೇಳಿಕೊಂಡ. ಹುಕುಂ ಬಂತು. ನಾಳೆ ಮುಂಜಾನೆ ಗಾಡಿ ಹೂಡಬೇಕು.

ಜತ್ತ ಸಂಸ್ಥಾನ ಹೋದ ಮೇಲೆ ಆ ವರ್ಷವೇ ಮೊದಲ ಬಾರಿ ಊರ ಕೆರೆ ತುಂಬಿ, ನಡುವಿನ ಬೋಳು ಗುಡ್ಡ ದ್ವೀಪವಾಗಿತ್ತು. ಅಣ್ಣಾರಾಯ ಹೋಗುವ ಮುನ್ನಾದಿನ ಅದನ್ನು ಹತ್ತೋಣವೆಂದು ಗೆಳೆಯ ಶಿದ್ರಾಯ ಮಾಸ್ತರ ತೆಪ್ಪ ಗೊತ್ತು ಮಾಡಿದ. ಹೆಂಡತಿ ಗುರವ್ವನನ್ನು ಕರೆತಂದ. ಗುರವ್ವ ಇಂದ್ರಾಬಾಯಿಯನ್ನು ಕರೆತಂದಳು.

ನಾಲ್ವರೂ ಹತ್ತತೊಡಗಿದರು. ಹೆಂಗಸರಿಬ್ಬರೂ ಬುತ್ತಿ ಹೊತ್ತು ಮುಂದೆ ನಡೆದರು. ತಿರುವಿನಲ್ಲಿ ಇಂದ್ರಾಬಾಯಿ ಒಮ್ಮೆ ತಿರುಗಿ ನೋಡಿದಳು. ಇವನು ನೋಡಿದೊಡನೆ ಸೆರಗು ಸರಿಪಡಿಸಿಕೊಂಡು ಮುಂದೆ ಹೋದಳು. ಅಣ್ಣಾರಾಯನ ಕಾಲು ಸೋತಿತ್ತು, ಅದಕ್ಕಿಂತ ಹೆಚ್ಚಾಗಿ ಮನಸ್ಸು ಸೋತಿತ್ತು. ಮುಕ್ಕಾಲು ದಾರಿಯಲ್ಲಿ ಒಂದು ಬಂಡೆಯ ಮೇಲೆ ಕುಸಿದು ಕೂತ.

"ಯಾಕ್ಲೇ?" ಎಂದ ಶಿದ್ರಾಯ.

"ನೀ ನಡಿ. ನನ್ನ ಕೈಲಿ ಆಗೂದಿಲ್ಲ."

ಮೇಲಿಂದ ಗುರವ್ವ ಗಂಡನನ್ನು ಕೂಗಿದಳು: "ಕೇಳಸ್ತೇನ್ರಿ? ಲಗೂನ ಬರ್ರಿ." ಶಿದ್ರಾಯ ತುದಿ ಮುಟ್ಟಿ, "ಅಣ್ಣಾ, ಬಾರೋ," ಎಂದ. ಗುರವ್ವನೂ, "ಅಣ್ಣಾ, ಬರ್ರಿ," ಎಂದಳು. ಇಂದ್ರಾಬಾಯಿಯ ದನಿ ಬರಲಿಲ್ಲ. ಅವಳು ಒಂದು ಸಲ ಕರೆದಿದ್ದರೆ ಮಂಡಿಯೂರಿಯಾದರೂ ಹತ್ತುತ್ತಿದ್ದ.

ಸ್ವಲ್ಪ ಹೊತ್ತಿಗೆ ಅವಳೇ ನೀರಿನ ತಂಬಿಗೆ ಹಿಡಿದು ಇಳಿದು ಬಂದಳು. ಮಾರು ದೂರದಲ್ಲಿ ಕೂತು, ತಂಬಿಗೆಯನ್ನು ಅವನತ್ತ ಸರಿಸಿದಳು. ಅವಳಿಗೂ ದಣಿವಾಗಿತ್ತು.

"ಎಲ್ಲಾರೂ ಕರದ್ರು. ನೀವು ಕರೀಲಿಲ್ಲ," ಎಂದ.

"ಏನಂತ ಕರೀಬೇಕಿತ್ರಿ?"

"ಮೊದಲ ಕರೀತಿದ್ರೆಲ್ಲ, ಅಣ್ಣಾ ಅಂತ. ಈಗ ಅಷ್ಟೂ ಬ್ಯಾಡಾತು."

ಅವಳು ನೀರಿನ ಕಡೆ ನೋಡುತ್ತ ಕೇಳಿದಳು: "ಗುರವ್ವಕ್ಕ ತನ್ನ ಗಂಡನ್ನ ಏನಂತ ಕರದ್ಲು, ಕೇಳೀರೇನು?"

"ಕೇಳಸ್ತೇನ್ರಿ ಅಂದ್ಲು. ಗಂಡನ ಹೆಸರ ಯಾರರ ಹೇಳ್ತಾರೇನು?"

ಅವಳ ಕಿವಿ ಕೆಂಪಾಯಿತು. ಲೆಕ್ಕ ಕಲಿಸುವ ಮಾಸ್ತರನಿಗೆ ಈ ಲೆಕ್ಕ ಬಿಡಿಸಲು ಅರ್ಧ ತಂಬಿಗೆ ನೀರು ಬೇಕಾಯಿತು. ಬಿಡಿಸಿದ ಮೇಲೆ ಉಳಿದರ್ಧ ಕುಡಿಯುವುದನ್ನೇ ಮರೆತ.

"ನಾಕ ತಿಂಗಳಿಂದ..." ಎಂದು ತೊದಲಿದ.

"ಹೂಂ. ನಾಕ ತಿಂಗಳಿಂದ ಹೆಸರ ತಗದಿಲ್ಲ. ತಿಳೀತಾರ, ತಿಳೀತಾರ ಅಂತ ದಾರಿ ಕಾದ್ನಿ. ನೀವು ಬದಲಿ ಬರಸ್ಕೊಂಡ ಕುಂತ್ರಿ."

"ಹುಕುಂ ರದ್ದ ಮಾಡಸ್ತೀನಿ."

"ಬ್ಯಾಡ್ರಿ. ಮತ್ತ ಅರ್ಜಿ, ಮತ್ತ ಕಾಯೂದು. ಕಾಯ್ದು ಕಾಯ್ದು ಸಾಕಾಗೇತಿ ನನಗ. ಉಮದಿಗೇ ಹೋಗ್ರಿ. ಒಬ್ರ ಅಲ್ಲಿ ಭಾಳ ದಿನ ಇರಬ್ಯಾಡ್ರಿ, ಅಷ್ಟ."

ಇಷ್ಟು ದಿನ ಹೊತ್ತ ಭಾರ ಇಳಿಸಿದ ಮೇಲೆ ನಗಲು ಕೂಡ ಇಬ್ಬರಲ್ಲೂ ಶಕ್ತಿ ಉಳಿದಿರಲಿಲ್ಲ. ಆದರೂ ಅವನಿಗೆ ಬಹಳ ಸುಖವೆನಿಸಿತು.

"ಹಂಗಾದ್ರ ಏನ ಮಾಡ್ಲಿ, ಹೇಳ್ರಿ," ಎಂದ.

ಅವಳು ಎದ್ದು ಸೆರಗಿನ ಧೂಳು ಕೊಡವಿದಳು. ಮೊದಲ ಬಾರಿ ಅವನ ಮುಖವನ್ನು ನೇರ ನೋಡಿದಳು.

"ಸಂಜಿಗೆ ನಮ್ಮ ಮನಿಗೆ ಬರ್ರಿ. ಅಪ್ಪನ ಮುಂದ ಕುಂದ್ರಿ. ಅಪ್ಪಗ ಕಣ್ಣ ಸರಿ ಕಾಣೂದಿಲ್ಲ, ಯಾರವ್ವಾ ಬಂದವ್ರು ಅಂತ ನನ್ನ ಕೇಳಿದ್ರ ನನಗ ಹೇಳಾಕ ಬರೂದಿಲ್ಲ. ನಿಮ್ಮ ಹೆಸರ ನೀವ ಹೇಳ್ರಿ."