ಮುದಿ ಒಂಟೆಗೆ ಮರಿಯ ಹುಳ

ಅವರ ಪರಿಚಯವಾದದ್ದೇ ಬೈಗುಳದಿಂದ. ಹನ್ನೊಂದು ವರ್ಷದ ಹಿಂದೆ ಒಂಟೆ ಬಂಡಿಯವನು ಪಶು ಆಸ್ಪತ್ರೆಯ ಲ್ಯಾಬಿನ ಮೇಜಿನ ಮೇಲೆ ಸಿಹಿತಿಂಡಿಯ ಡಬ್ಬಿ ತಂದಿಟ್ಟ. ಲ್ಯಾಬ್ ಮೇಡಂ ಆಸೆಯಿಂದ ಮುಚ್ಚಳ ತೆಗೆದರೆ ಒಳಗೆ ಒಂಟೆಯ ಹಿಕ್ಕೆ!

"ನೆಲದಿಂದ ಆರಿಸಿದ್ದಾ?"

"ಮತ್ತೆ? ಆಕಾಶದಿಂದ ಬೀಳುತ್ತಾ ಮೇಡಂ?"

"ನೆಲದ ಹುಳಾನೂ ಸೇರ್ಕೊಂಡಿರುತ್ತೆ ರೀ. ಹಾಕಿದ ತಕ್ಷಣ ಮೇಲ್ಗಡೆದು ಮಾತ್ರ ತನ್ನಿ."

ನಗು ಮುಚ್ಚಿಕೊಳ್ಳಲು ಅವನು ಮೀಸೆ ಸವರಿದ. ಅವಳು ಅದನ್ನೂ ನೋಡಿಬಿಟ್ಟಳು.

ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಅವನು ತನ್ನ ಒಂಟೆಯ ಹುಳದ ಪರೀಕ್ಷೆಗೆ ಹಾಜರ್. ಹಿಕ್ಕೆಯನ್ನು ಉಪ್ಪುನೀರಿನಲ್ಲಿ ಕದಡಿಟ್ಟರೆ ಹುಳದ ಮೊಟ್ಟೆ ಮೇಲೆ ತೇಲಲು ಹದಿನೈದು ನಿಮಿಷ ಬೇಕು. ಮದುವೆಯ ಮಾತನ್ನೇ ಮರೆತಿದ್ದ ಅವಳು, ಹೆಂಡತಿಯನ್ನು ಕಳೆದುಕೊಂಡಿದ್ದ ಅವನು, ಆ ಹದಿನೈದು ನಿಮಿಷಕ್ಕಾಗಿ ತಿಂಗಳಿಡೀ ಕಾಯುತ್ತಿದ್ದರು. ಪ್ರೇಮಕ್ಕೆ ಕಣ್ಣಿಲ್ಲ ಅನ್ನುತ್ತಾರೆ. ಇಲ್ಲಿ ಮೂಗೂ ಇರಲಿಲ್ಲ.

ಒಮ್ಮೆ ಅವಳು ಮೈಕ್ರೋಸ್ಕೋಪ್ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದಳು.

"ಏನೂ ಕಾಣಲ್ಲ ಮೇಡಂ."

"ನೋಡೋ ಕಣ್ಣನ್ನೇ ಮುಚ್ಕೊಂಡ್ರೆ ಏನ್ ಕಾಣುತ್ತೆ?"

ಅವನು ಮುಚ್ಚಿದ ಕಣ್ಣು ತೆರೆದ. ತೆರೆದದ್ದು ಮಾತ್ರ ಅವಳ ಕಡೆಗೆ. ಬಾಗಿಲಾಚೆ ಅಟೆಂಡರ್ ಅಕ್ಕನಿಗೆ ಇಲ್ಲದ ಕೆಮ್ಮು ಬಂತು.

ಎರಡು ವರ್ಷದ ಹಿಂದೆ ಒಂದು ಸೋಮವಾರ ಅವಳು ಸ್ಲೈಡನ್ನು ಎರಡೆರಡು ಸಲ ನೋಡಿದಳು. ಮುದಿಯಾಗಿದ್ದ ಅವನ ಹೆಣ್ಣೊಂಟೆಯಲ್ಲಿ ಯಾವಾಗಲೂ ಕಾಣುತ್ತಿದ್ದದ್ದು ನಿಂಬೆಹಣ್ಣಿನ ಆಕಾರದ ಮೊಟ್ಟೆ. ಅಂದು ಸ್ಲೈಡಿನ ತುಂಬ ಮೂಲೆ ಮೂಲೆಯಾದ ಲಾಡಿಹುಳದ ಮೊಟ್ಟೆಗಳು. ಅದು ಹೆಚ್ಚಾಗಿ ಎಳೆಯ ಮರಿಗಳ ಕಾಯಿಲೆ. ಇದು ಯಾವುದೋ ಮರಿಯ ಹಿಕ್ಕೆ, ಮುದಿ ಒಂಟೆ ಇನ್ನಿಲ್ಲ ಎಂದು ಅವಳಿಗೆ ಗೊತ್ತಾಯಿತು. ತಲೆ ಎತ್ತಿದರೆ ಅವನು ಗಡ್ಡ ಬಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಏನೂ ಗೊತ್ತಿಲ್ಲದವಳಂತೆ ಡಾಕ್ಟರ ಹತ್ತಿರ ಮರಿಗೆ ತಕ್ಕ ಔಷಧಿ ಬರೆಸಿಕೊಟ್ಟಳು.

ಇವತ್ತು ತಿಂಗಳ ಕೊನೆ, ಅವಳು ನಿವೃತ್ತಿಯಾಗುವ ದಿನ. ಮೊದಲ ಸೋಮವಾರಕ್ಕೆ ಕಾಯದೆ ಅವನು ಬಂದಿದ್ದಾನೆ. ಉಪ್ಪುನೀರು ಕದಡಿಟ್ಟಾಗಿದೆ. ಈ ಹದಿನೈದು ನಿಮಿಷ ಕಳೆದರೆ ಅವನು ಯಾರೋ, ತಾನು ಯಾರೋ ಎಂದುಕೊಂಡಾಗ ಅವಳಿಗೆ ಅಳುವೇ ಬಂತು.

"ನಿಮ್ಮ ಮುದುಕಿ ಒಂಟೆ ಹೋಗಿ ಎರಡು ವರ್ಷ ಆಯ್ತಲ್ವಾ?"

ಅವನ ಮುಖ ಬಿಳಚಿತು. "ಯಾರು ಹೇಳಿದ್ರು?"

"ಹುಳ ಹೇಳ್ತು."

"ಪಕ್ಕದ್ಮನೆ ಮರೀದು ತರ್ತಿದ್ದೆ..." ತಲೆ ತಗ್ಗಿಸಿದ. "ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ಕೇಳಿದ್ರೆ ನೀವು ಮತ್ತೆ ಬರ್ತಿದ್ರಾ?"

ಅವನ ಕಣ್ಣು ತುಂಬಿತು. "ಅವಳು ಹೋದಾಗ ಮೊದ್ಲು ನಿಮಗೇ ಹೇಳ್ಬೇಕು ಅನ್ನಿಸ್ತು. ಹೇಳಿದ್ರೆ ಬರೋಕೆ ನೆಪ ಇರಲ್ವಲ್ಲ ಅಂತ ಒಬ್ನೇ ಅತ್ತೆ."

ಅವಳು ಗ್ಲೌಸ್ ತೆಗೆದು ಅವನ ಕೈ ಹಿಡಿದಳು. ಉಪ್ಪುನೀರಿನ ಲೋಟವನ್ನು ಇಬ್ಬರೂ ಮರೆತರು.

"ಇನ್ನು ಎಲ್ಲಿಗೆ ಬರ್ಲಿ?"

"ಅಂಚೆ ಕಚೇರಿ ಹಿಂದಿನ ಮನೆ. ಅಮ್ಮಂಗೆ ಕಿವಿ ಮಂದ, ಬಾಗಿಲು ಜೋರಾಗಿ ಬಡೀರಿ."

"ಮೊದಲ ಸೋಮವಾರನಾ?"

"ನಾಳೆನೇ ಬನ್ನಿ. ತಿಂಗಳಿಗೊಂದ್ಸಲ ನೋಡಿ ನೋಡಿ ಸಾಕಾಗಿದೆ ನಂಗೆ."