ಅರ್ಧ ತಾಸು ಬದುಕಿದ ಮಗಳು

“ಸತ್ತ ಹುಟ್ಟೈತಿ ಅಂತ ಬರಿ, ಫರ್ಹಾನಾ! ಅಷ್ಟ ಬರದ್ರ ಮನಿ ಮಾನ ಉಳೀತೈತಿ!”

ಅತ್ತೆ ಹಸೀನಾಬಿ ಸೊಸೆಯ ಪೆನ್ನು ಹಿಡಿದ ಕೈಯನ್ನೇ ಗಟ್ಟಿಯಾಗಿ ಹಿಡಿದಿದ್ದಳು. ಫರ್ಹಾನಾ ಅಡರಕಟ್ಟಿಯ ಆಶಾ ಕಾರ್ಯಕರ್ತೆ. ಊರಲ್ಲಿ ಯಾವ ಕೂಸು ತೀರಿಕೊಂಡರೂ ಅದು ಎಷ್ಟು ಹೊತ್ತು ಬದುಕಿತ್ತು, ಏಕೆ ಹೋಯಿತು ಎಂದು ಕೇಳಿ ಫಾರಂ ತುಂಬುವವಳು ಅವಳೇ. ಒಂಬತ್ತು ವರ್ಷ ಪರರ ಮನೆಗಳಲ್ಲಿ ಕೇಳಿದ ಪ್ರಶ್ನೆಯನ್ನು ಇಂದು ತನ್ನದೇ ಪಡಸಾಲೆಯಲ್ಲಿ ಕೇಳಬೇಕಾಗಿತ್ತು. ಹೋದದ್ದು ನಾದಿನಿ ಯಾಸ್ಮೀನಳ ಚೊಚ್ಚಲ ಕೂಸು!

ಮೊನ್ನೆ ಶಿರಹಟ್ಟಿಗೆ ತರಬೇತಿಗೆಂದು ಹೊರಡುವಾಗ ಫರ್ಹಾನಾ ಕೈಮುಗಿದು ಹೇಳಿದ್ದಳು: “ಆಕಿಗೆ ಬಿಪಿ ಏರೈತಿ, ಅತ್ತಿ. ನೋವು ಬಂದ್ರ ಜಲ್ದಿ ಆಂಬುಲೆನ್ಸ್ ಕರೀರಿ.” ನೋವು ಬಂತು. ಆಂಬುಲೆನ್ಸ್ ಬರಲಿಲ್ಲ. ಫರ್ಹಾನಾಳಿಗೊಂದು ಖಬರೂ ಮುಟ್ಟಲಿಲ್ಲ. ಓಣಿಯ ಅರ್ಧ ಮಕ್ಕಳನ್ನು ತನ್ನ ಕೈಯಲ್ಲೇ ಹಿಡಿದಿದ್ದ ಸೂಲಗಿತ್ತಿ ಹಸೀನಾಬಿ, ಮಗಳ ಹೆರಿಗೆಗೆ ಮಂದಿಯ ನೆರವೇಕೆ ಎಂದುಕೊಂಡಿದ್ದಳು. ಅಂದು ಸಂಜೆ ಅವಳು ಬಂದಾಗ ಕೂಸಿನ ಮುಖದ ಮೇಲೆ ಬಿಳಿಬಟ್ಟೆ ಹೊದಿಸಿತ್ತು...

“ಬರದ ಬಿಡು,” ಗಂಡ ಅಶ್ಫಾಕ ಗುಡುಗಿದ. “ಬದುಕಿತ್ತು ಅಂತ ಬರದ್ರ ವಿಚಾರಣಿಗೆ ಬರ್ತಾರ. ಅಮ್ಮನ್ನ ಡಾಕ್ಟರ ಮುಂದ ನಿಲ್ಲಸ್ತಿ ಏನು? ಹಂಗಾದ್ರ ಈ ಮನ್ಯಾಗ ನಿನಗ ಜಾಗಾ ಇಲ್ಲ!”

ಫರ್ಹಾನಾ ಪೆನ್ನು ಬಿಡಲಿಲ್ಲ. “ಸತ್ತ ಹುಟ್ಟೈತಿ ಅಂತ ಬರದ್ರ ಇಲ್ಲೇನಾತು ಅಂತ ಯಾರಿಗೂ ತಿಳಿಯಂಗಿಲ್ಲರಿ. ಬಾಜೂ ಮನಿ ಅಲ್ಮಾಸಬಿಗೆ ಈಗ ಎಂಟು ತಿಂಗಳು. ನಾಳೆ ಆಕಿನೂ ಅತ್ತಿನ್ನ ಕರಸ್ತಾಳ... ಆಗ?”

“ಬಾಯಿ ಮುಚ್ಚು!” ಎಂದಳು ಹಸೀನಾಬಿ.

“ಅಮ್ಮಾ...”

ಒಳಕೋಣೆಯ ಬಾಗಿಲಲ್ಲಿ ಯಾಸ್ಮೀನ ಗೋಡೆ ಹಿಡಿದು ನಿಂತಿದ್ದಳು.

“ಕೂಸು ಅತ್ತಿತ್ತಮ್ಮಾ.”

“ಇಲ್ಲ ಬೇಟಾ, ನಿನಗ ಎಚ್ಚರಿರಲಿಲ್ಲ...”

“ಎಚ್ಚರಿತ್ತು! ಈ ಕಿವಿಲೇ ಕೇಳೇನಿ! ನನ್ನ ಮಗಳು ಇದ್ದಳು ಅನ್ನಾಕ ನನ್ನ ಹತ್ರ ಬ್ಯಾರೆ ಏನೈತಿ? ಹೆಸರಿಲ್ಲ, ಒಂದು ಫೋಟೋ ಇಲ್ಲ... ಆ ಅಳೂನೂ ಅಳಿಸಿ ಹಾಕ್ತೀ ಏನು?”

ಹಸೀನಾಬಿಯ ಹಿಡಿತ ಸಡಿಲಾಯಿತು. ಅವಳು ಅಲ್ಲೇ ನೆಲದ ಮೇಲೆ ಕೂತಳು.

“ಅತ್ತಿತ್ತು... ಎರಡು ಸಲ. ಆಮ್ಯಾಗ ನೀಲಿ ಆತು. ಬೆನ್ನು ತಿಕ್ಕಿದೆ, ಬಾಯಾಗ ಊದಿದೆ. ಗಾಡಿ ಕರೀರಿ ಅನ್ನಾಕ ನಾಲಿಗಿ ಏಳಲಿಲ್ಲ. ಹಸೀನಾಬಿ ಕೈ ಸೋತಿತು ಅಂತ ಮಂದಿ ಆಡ್ಕೋತಾರ ಅನಿಸಿತು... ಯಾ ಅಲ್ಲಾ! ನನ್ನ ಸೊಕ್ಕಿಗೆ ಮೊಮ್ಮಗಳನ್ನ ಕೊಟ್ಟೆ!”

ಅಶ್ಫಾಕ ಗೋಡೆಯ ಕಡೆ ಮುಖ ತಿರುಗಿಸಿದ. ಅತ್ತೆಯನ್ನು ತಬ್ಬಿಕೊಂಡು ಅಳಬೇಕೆಂದು ಫರ್ಹಾನಾಳ ಜೀವ ಹಾತೊರೆಯಿತು. ಆದರೆ ಫಾರಂ ಮುಗಿದಿರಲಿಲ್ಲ. ಎಲ್ಲರ ಮನೆಯಲ್ಲಿ ಕೇಳುವ ಹಾಗೆಯೇ, ತಗ್ಗಿದ ದನಿಯಲ್ಲಿ ಕೇಳಿದಳು:

“ಎಷ್ಟೊತ್ತು ಇತ್ತರಿ?”

“ಅರ್ಧಾ ತಾಸು.”

ಬರೆದಳು. ಹೆರಿಗೆ ಮಾಡಿಸಿದವರ ಹೆಸರಿನ ಜಾಗದಲ್ಲಿ ಪೆನ್ನು ನಿಂತುಬಿಟ್ಟಿತು.

“ನನ್ನ ಹೆಸರ ಬರಿ,” ಹಸೀನಾಬಿ ಕಣ್ಣೊರೆಸಿಕೊಂಡಳು. “ಡಾಕ್ಟರ ಬಂದ್ರ ನಾನ ಹೇಳತೀನಿ. ಅಲ್ಮಾಸಬಿ ಮನಿಗೂ ಈಗ ನಾನ ಹೋಗಿ ಹೇಳತೀನಿ, ದವಾಖಾನಿಗೇ ಹೋಗು ಅಂತ.”

ಅವಳು ಎದ್ದು ಮಗಳತ್ತ ಕೈ ಚಾಚಿದಳು. ಯಾಸ್ಮೀನ ಆ ಕೈ ಹಿಡಿಯಲಿಲ್ಲ. ಆಮೇಲೆ ಹತ್ತಿರ ಬಂದು, ತಾಯಿಯ ತಲೆಯಿಂದ ಜಾರಿದ್ದ ಸೆರಗನ್ನು ಮೆಲ್ಲಗೆ ಎಳೆದು ಹೊದಿಸಿದಳು.