ಕೆಂಪು ಕೊಂಬಿನ ಹೋರಿ

"ಆರನೇ ಭಾಗದ ಹೋರಿ ಹೋರಿ ಥರ ಓಡಲ್ಲ ಕಣ್ರೀ... ಕಾರ್ ಥರ ಓಡುತ್ತೆ!"

ಕೆಲಸಕ್ಕೆ ಸೇರಿದ ಮೊದಲ ದಿನವೇ ಹೀಗೆಂದ ಹೊನ್ನೇಶನನ್ನು ಧನುಶ್ರೀ ದುರುಗುಟ್ಟಿ ನೋಡಿದಳು. ಆ ಹೋರಿಯ ಚಿತ್ರ ಬರೆದು ಓಡಿಸಿದವಳು ಅವಳೇ!

ಕಡೂರಿನ ಆ ಪುಟ್ಟ ಆಫೀಸಿನಿಂದ ವರ್ಷಗಳಿಂದ ಬರುತ್ತಿದ್ದ ಮೊಬೈಲ್ ಗೇಮ್ 'ಕಾವಲ್ ಹೋರಿ'. ಮೊದಲ ಭಾಗಗಳನ್ನು ಜನ ಮುಗಿಬಿದ್ದು ಆಡಿದ್ದರು. ಬರಬರುತ್ತಾ 'ಹಳೇದೇ ಚೆನ್ನಾಗಿತ್ತು' ಎಂಬ ದೂರು ಹೆಚ್ಚಿತು. ಆರನೆಯದು ನೆಲಕಚ್ಚಿತು. ಏಳನೆಯದೂ ಸೋತರೆ ಆಫೀಸಿಗೆ ಬೀಗ.

ಅಂಥ ಹೊತ್ತಿನಲ್ಲೇ ಏಳನೇ ಭಾಗದ ಚಿತ್ರಗಳು ಬಿಡುಗಡೆಗೆ ಮೊದಲೇ ಇಂಟರ್‌ನೆಟ್‌ನಲ್ಲಿ ಸೋರತೊಡಗಿದವು. ಅದೂ ಹೊನ್ನೇಶ ಸೇರಿದ ಮೇಲೆ...

ಅವಳು ಹತ್ತಿರ ಹೋದರೆ ಅವನು ಮೊಬೈಲ್ ಮಗುಚಿಡುತ್ತಿದ್ದ. "ಭಾನುವಾರ ಎಲ್ಲಿಗೆ ಹೋಗಿದ್ರಿ?" ಎಂದರೆ, "ಇಲ್ಲೇ..." ಎಂದು ಮಾತು ತೇಲಿಸುತ್ತಿದ್ದ. ಅವಳು ಊಟ ಮರೆತ ದಿನ ಮಾತ್ರ ತನ್ನ ಡಬ್ಬಿಯ ರೊಟ್ಟಿಯನ್ನು ಸದ್ದಿಲ್ಲದೆ ಅವಳ ಮುಂದಿಡುತ್ತಿದ್ದ.

'ಇಷ್ಟು ಒಳ್ಳೆಯವನಂತೆ ಯಾಕೆ ನಟಿಸ್ತಾನೆ?' ಹಾಗೆಂದುಕೊಂಡರೂ ಅವಳ ಎದೆ ಅವನ ಕಡೆಗೇ ವಾಲುತ್ತಿತ್ತು. ಅದೇ ಅವಳಿಗೆ ಭಯ.

ಅವಳ ಚಿತ್ರಗಳು ಹೋಗುತ್ತಿದ್ದುದು ಇಬ್ಬರಿಗೇ. ಕೊನೆಗೊಂದು ಉಪಾಯ ಮಾಡಿದಳು. ಹೊಸ ಹೋರಿಯ ಚಿತ್ರವನ್ನು ಮಾಲೀಕ ಮಲ್ಲಿಕಾರ್ಜುನಪ್ಪನವರಿಗೆ ಕಪ್ಪು ಕೊಂಬಿನೊಂದಿಗೆ ಕಳಿಸಿದಳು. ಹೊನ್ನೇಶನಿಗೆ ಮಾತ್ರ ಕೆಂಪು ಕೊಂಬು!

ಮಾಲೀಕರ ಬಳಿ ಕಪ್ಪು ಕೊಂಬು ಕಂಡಿದ್ದ ಅವನು ತನ್ನ ಚಿತ್ರ ನೋಡಿದ. ಮುಖ ಬಾಡಿತು.

"ಈ ಕೆಂಪು ಕೊಂಬು ನನಗೊಬ್ಬನಿಗೇನಾ?"

ಅವಳು ಕಂಪ್ಯೂಟರ್ ಕಡೆಗೆ ತಿರುಗಿಕೊಂಡಳು.

"ನನ್ನನ್ನೇ ಕಳ್ಳ ಅಂದ್ಕೊಂಡಿದ್ದೀರಾ... ಆಯ್ತು ಬಿಡಿ." ಬ್ಯಾಗ್ ಹೆಗಲಿಗೇರಿಸಿ ಹೊರಟೇಹೋದ.

ಮರುದಿನ ಚಿತ್ರ ಸೋರಿತ್ತು. ಕೊಂಬು... ಕಪ್ಪು!

ಧನುಶ್ರೀ ಥಟ್ಟನೆ ಎದ್ದಳು. ನೇರ ಮಾಲೀಕರ ಮುಂದೆ ನಿಂತಳು.

"ನೀವಾ ಸರ್?"

ಮಲ್ಲಿಕಾರ್ಜುನಪ್ಪ ಕನ್ನಡಕ ತೆಗೆದರು. "ಏನ್ಮಾಡ್ಲಮ್ಮಾ? ಏಳನೇ ಭಾಗ ಬರ್ತಿದೆ ಅಂದ್ರೆ ಯಾರೂ ತಿರುಗಿ ನೋಡ್ಲಿಲ್ಲ. ಕದ್ದ ಚಿತ್ರ ಅಂದ್ರೆ ಎಲ್ಲರೂ ನೋಡ್ತಾರೆ."

"ಅದರಿಂದ ಹೊನ್ನೇಶ್ ಕಳ್ಳ ಆಗಿಬಿಟ್ರು ಸರ್! ಅವರಿಗೆ ನೀವೇ ಫೋನ್ ಮಾಡಿ ಹೇಳ್ಬೇಕು. ಈಗಲೇ!"

ತಲೆತಗ್ಗಿಸಿ ಅವರು ಫೋನ್ ಮಾಡಿದರು. ಹೊನ್ನೇಶ ಎಮ್ಮೆದೊಡ್ಡಿ ಎಂಬ ಊರಿನ ಹತ್ತಿರ, ದನ ಮೇಯುವ ಕಾವಲಿನಲ್ಲಿದ್ದ. ಅವಳು ಸಿಕ್ಕ ಬಸ್ಸು ಹತ್ತಿದಳು.

ಕಾವಲಿನ ಬಯಲಲ್ಲಿ ಅಮೃತಮಹಲ್ ದನಗಳು ಓಡುತ್ತಿದ್ದವು. ಹೊನ್ನೇಶ ಮೊಬೈಲಿನಲ್ಲಿ ಅವುಗಳ ವಿಡಿಯೋ ತೆಗೆಯುತ್ತಿದ್ದ.

"ಭಾನುವಾರ ಬರ್ತಿದ್ದಿದ್ದು ಇಲ್ಲಿಗೇನಾ?"

"ಹೂಂ. ಹೋರಿ ತಿರುಗುವಾಗ ಹೆಗಲು ಹೆಂಗೆ ಬಾಗುತ್ತೆ ಅಂತ ನಿಮಗೆ ತೋರಿಸೋಣ ಅಂತ. ಮೊದಲ ದಿನವೇ ನಿಮ್ಮನ್ನ ನೋಯಿಸಿದ್ದೆ... ಮತ್ತೆ ತಪ್ಪು ಹುಡುಕ್ದಂಗಾಗುತ್ತೆ ಅಂತ ಮುಚ್ಚಿಟ್ಟೆ."

ಅವಳ ಕಣ್ಣು ತುಂಬಿತು. "ತಪ್ಪಾಯ್ತು ಹೊನ್ನೇಶ್... ಒಂದು ಮಾತು ಕೇಳಬಹುದಿತ್ತು. ಕೇಳದೇ ತೀರ್ಮಾನ ಮಾಡ್ಬಿಟ್ಟೆ."

"ನೋವಾಯ್ತು, ಸುಳ್ಳು ಹೇಳಲ್ಲ."

"ವಾಪಸ್ ಬನ್ನಿ. ಗೇಮ್ ಗೆಲ್ಲುತ್ತೋ ಸೋಲುತ್ತೋ... ಈ ಹೋರಿನ ನಾವಿಬ್ಬರೂ ಸೇರಿ ಓಡಿಸೋಣ."

ಅವನು ನಿಧಾನವಾಗಿ ತಲೆಯಾಡಿಸಿದ. "ಇನ್ಮೇಲೆ ಅನುಮಾನ ಬಂದ್ರೆ ನೇರವಾಗಿ ಕೇಳ್ತೀರಾ?"

"ಈಗಲೇ ಒಂದಿದೆ... ಕೇಳ್ಲಾ?"

"ಕೇಳಿ."

"ನಾನು ಅಂದ್ರೆ ನಿಮಗೆ... ಇಷ್ಟಾನಾ?"

ಹೊನ್ನೇಶ ಮೊಬೈಲನ್ನು ಜೇಬಿಗಿಳಿಸಿ ಅವಳ ಕೈ ಹಿಡಿದ.

"ಅದರಲ್ಲೂ ಅನುಮಾನಾನಾ ನಿಮಗೆ?"

"ಇತ್ತು..." ಎಂದಳು ಅವಳು, ಬೆರಳು ಬಿಡಿಸಿಕೊಳ್ಳದೆ.